ದೇವಿಯ ಪಟದ ಹಿಂದಿನ ಹಸಿರು ದೀಪ

ಅಶ್ವತ್ಥನಾರಾಯಣ ರಾಯರು ಜೀವಮಾನದಲ್ಲಿ ಒಂದು ಇರುವೆಯ ದಾರಿಗೂ ಅಡ್ಡ ಬಂದವರಲ್ಲ. ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರಾಗಿ ಕೂತು, ಕೆಳಗಿನಿಂದ ಬಂದ ಫೈಲನ್ನು ಮೇಲಕ್ಕೆ ಕಳಿಸಿ, ಮೇಲಿನಿಂದ ಬಂದದ್ದನ್ನು ಕೆಳಕ್ಕೆ ಕಳಿಸಿ, ನಡುವೆ ತಾವೊಬ್ಬರು ಇದ್ದೇವೆಂಬುದೇ ಯಾರಿಗೂ ಗೊತ್ತಾಗದ ಹಾಗೆ ನಿವೃತ್ತಿಯ ಅಂಚಿಗೆ ಬಂದಿದ್ದರು. ಅಂಥವರು ಇಡೀ ಕಟ್ಟಡದ ಕಂಪ್ಯೂಟರುಗಳನ್ನು ಅಂಗಾತ ಮಲಗಿಸಿದರು. ಆಪ್ತಮಿತ್ರನ ಸಂಸಾರಕ್ಕೂ ಅಡ್ಡಗಾಲು ಹಾಕಿದರು. ಎರಡನ್ನೂ ಭಕ್ತಿಯಿಂದಲೇ ಮಾಡಿದರು. ದ್ವೇಷದಿಂದ ಮಾಡಹೋಗಿದ್ದರೆ ಕೆಲಸ ಇಷ್ಟು ಚೊಕ್ಕವಾಗಿ ಆಗುತ್ತಿರಲಿಲ್ಲ.

ಆಪ್ತಮಿತ್ರನೆಂದರೆ ಚಂದ್ರಮೋಹನ. ಅದೇ ಕಚೇರಿಯ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಅಧಿಕಾರಿ, ರಾಯರಿಗಿಂತ ತುಂಬಾ ಚಿಕ್ಕವನು. ಹೆಂಡತಿ ಸಂಯುಕ್ತಾ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಮಗಳು ಗಗನಾ ಅಮ್ಮನ ಜೊತೆಗೇ ಇದ್ದು, ಅಪ್ಪ ಎಂದರೆ ಫೋನಿನಲ್ಲಿ ಬರುವ ಮುಖ ಎಂದುಕೊಂಡೇ ಬೆಳೆದಿದ್ದಳು. ಚಂದ್ರಮೋಹನನಿಗೆ ಒಳ್ಳೆಯ ಕಂಠವಿತ್ತು. ಪ್ರತಿ ಶನಿವಾರ ಸಂಜೆ ಅವನು ಸರೋಜಿನಿ ನಗರದ ರಾಯರ ಕ್ವಾರ್ಟರ್ಸಿಗೆ ಬಂದು, ಹಳೆಯ ಷಟ್ಪದಿ ಕಾವ್ಯ ತೆರೆದು ರಾಗವಾಗಿ ಓದಲು ಕೂತನೆಂದರೆ, ಆಚೆ ಮಾರ್ಕೆಟ್ಟಿನಲ್ಲಿ ಕುರ್ತಾ ಮಾರುವ ಭಯ್ಯಾಗಳ ಕೂಗು ಕೂಡ ತಾಳ ಹಾಕಿದಂತೆ ಕೇಳುತ್ತಿತ್ತು.

ರಾಯರು ಓದುವವರಲ್ಲ, ಕೇಳುವವರು. ಅವರ ಅಪ್ಪನೂ ಕೇಳುವವರು, ಅಜ್ಜನೂ ಕೇಳುವವರು. ಪದ್ಯ ಮುಗಿದ ಕೂಡಲೇ ಕಣ್ಣು ಮುಚ್ಚಿ, ಹೊಕ್ಕುಳಿನಿಂದ ಎದ್ದು ಮೂಗಿನಲ್ಲಿ ಹೊರಬೀಳುವ ಒಂದು "ಹ್ಞೂಂ" ಹಾಕುವುದು ಆ ಮನೆತನದ ವಿದ್ಯೆ. ಆ ಹ್ಞೂಂ ಬೀಳದೆ ಚಂದ್ರಮೋಹನ ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲ.

ಆ ವರ್ಷ ನವರಾತ್ರಿಗೆ ಮುಂಚೆ ಅವನಿಗೆ ಮೈಸೂರಿನ ಕಚೇರಿಗೆ ವರ್ಗವಾಯಿತು. ವರ್ಷವರ್ಷವೂ ಅರ್ಜಿ ಹಾಕಿ, ಆಸೆ ಬಿಟ್ಟ ಮೇಲೆ ಸಿಕ್ಕ ವರ್ಗ. ದೀಪಾವಳಿಯೊಳಗೆ ಅಲ್ಲಿ ಹಾಜರಾಗಬೇಕು, ಇಲ್ಲವಾದರೆ ಆ ಜಾಗ ಸಾಲಿನಲ್ಲಿರುವ ಮುಂದಿನವರಿಗೆ. ಸಂಯುಕ್ತಾ ಆಗಲೇ ಒಂದು ಕೋಣೆ ಹೆಚ್ಚಿರುವ ಬಾಡಿಗೆ ಮನೆ ಹಿಡಿದು, ಗಂಡನ ಚಪ್ಪಲಿಗೆಂದು ಹೊಸ ಸ್ಟ್ಯಾಂಡು ತಂದಿದ್ದಳು.

"ಬಹಳ ಸಂತೋಷ ಕಣಯ್ಯಾ," ಎಂದರು ರಾಯರು. ಆ ದಿನ ಅವರಿಗೆ ಊಟ ಸೇರಲಿಲ್ಲ.

"ಸಂತೋಷಕ್ಕೇ ಹೊಟ್ಟೆ ತುಂಬಿಹೋಯ್ತೇನು?" ಎಂದು ಹೆಂಡತಿ ಲೀಲಮ್ಮ ತಟ್ಟೆ ತೆಗೆದರು.

ಇನ್ನು ಆಯುಧಪೂಜೆ. ದೆಹಲಿಯವರಿಗೆ ದಸರೆ ಎಂದರೆ ರಾವಣನನ್ನು ಸುಡುವುದು. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಪ್ರಿಂಟರಿಗೆ ಚೆಂಡುಹೂವು ಮುಡಿಸುವುದನ್ನು ಆ ಕಚೇರಿಗೆ ಕಲಿಸಿದವರೇ ರಾಯರು. ಮೊದಮೊದಲು ನಕ್ಕವರು ಮೈಸೂರುಪಾಕಿನ ರುಚಿ ಹತ್ತಿದ ಮೇಲೆ ಅವರನ್ನು 'ಪಂಡಿತ್‌ಜೀ' ಎಂದು ಕರೆಯಲು ಶುರುಮಾಡಿದ್ದರು. ರಾಯರು ಬೇಡವೆನ್ನಲಿಲ್ಲ. "ಯಂತ್ರಕ್ಕೂ ಮನಸ್ಸಿದೆ. ಅದನ್ನು ತಿಳಕೊಳ್ಳೋ ರೀತಿ ಬೇರೆ," ಎಂದು ಗಂಭೀರವಾಗಿ ಹೇಳುವಷ್ಟರ ಮಟ್ಟಿಗೆ ಆ ಬಿರುದು ತಲೆಗೇರಿತ್ತು.

ಆ ಸಲ ಮನೆಯಿಂದ ಒಂದು ಹಳೇ ವೈಫೈ ಡಬ್ಬಿಯನ್ನೂ ತಂದಿದ್ದರು. ಮನೆಗೆ ಹೊಸ ಇಂಟರ್ನೆಟ್ ಬಂದ ಮೇಲೆ ಇದು ಮೂಲೆ ಸೇರಿತ್ತು. ಬಿಸಾಡೋಣವೆಂದರೆ ಲೀಲಮ್ಮ ಬಿಡಲಿಲ್ಲ. "ಇಷ್ಟು ವರ್ಷ ದುಡಿದಿದೆ. ಪೂಜೆಯಲ್ಲಿಟ್ಟು ಒಂದು ಹೂವು ಹಾಕಿ, ಆಮೇಲೆ ಹಳೇ ಸಾಮಾನು ಕೊಳ್ಳೋ ಕಬಾಡಿಯವನಿಗೆ ಕೊಡಿ," ಎಂದಿದ್ದರು.

ಸೆಕ್ಷನ್ನಿನ ಕಬ್ಬಿಣದ ಬೀರುವಿನ ಮೇಲೆ ಚಾಮುಂಡೇಶ್ವರಿಯ ಪಟ. ಅದರ ಹಿಂದೆ ಡಬ್ಬಿ ಇಟ್ಟರು. ಆಯುಧ ಸತ್ತು ಬಿದ್ದಿದ್ದರೆ ಪೂಜೆಗೆ ಕಳೆಯಿಲ್ಲವೆಂದು ಕರೆಂಟು ಕೊಟ್ಟರು. ಒಂದು ಕೆಂಪು ದೀಪ ಹೊತ್ತಿತು. ದೇವಿಯ ಬೆನ್ನಿಗೆ ಕೆಂಪು ದೀಪವೇ? ರಾಯರಿಗೆ ಸರಿಕಾಣಲಿಲ್ಲ. ಗೋಡೆಯಿಂದ ಒಂದು ನೀಲಿ ಕೇಬಲ್ ಸುಮ್ಮನೆ ಜೋತಾಡುತ್ತಿತ್ತು. ಡಬ್ಬಿಯ ಹಿಂಭಾಗದಲ್ಲಿ ಹಳದಿ ಬಣ್ಣದ ಕಿಂಡಿಗಳಿದ್ದವು. ಹಳದಿ ಮಂಗಳಕರ. ಕೇಬಲನ್ನು ಅದರೊಳಗೆ ತೂರಿಸಿದರು. ಕೂಡಲೇ ಒಂದು ಹಸಿರು ದೀಪ, ನಂದಾದೀಪದ ಹಾಗೆ, ಮಿಣಮಿಣ ಮಿನುಗತೊಡಗಿತು. ಆರದೆ ಉಳಿದ ಕೆಂಪು ದೀಪದ ಮೇಲೆ ದಪ್ಪನಾಗಿ ಒಂದು ಕುಂಕುಮದ ಬೊಟ್ಟಿಟ್ಟು ಮುಚ್ಚಿದರು. ಇಂಟರ್ನೆಟ್ ಇಲ್ಲವೆಂದು ಆ ಡಬ್ಬಿ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಹೇಳುತ್ತಿದ್ದದ್ದು ಹೀಗೆ ಕುಂಕುಮದ ಕೆಳಗೆ ಹೋಯಿತು.

ಪಟದ ಸುತ್ತ ಹಸಿರು ಪ್ರಭಾವಳಿ ಮೂಡಿತು. ಸೆಕ್ಷನ್ನಿಗೆ ಸೆಕ್ಷನ್ನೇ ಕೈಮುಗಿಯಿತು. ರಾಯರು ಕಣ್ಣು ಮುಚ್ಚಿ ಬೇಡಿಕೊಂಡರು: "ತಾಯೀ, ಚಂದ್ರಮೋಹನನಿಗೆ ಒಳ್ಳೆಯದು ಮಾಡು." ಇಲ್ಲಿಗೆ ನಿಲ್ಲಿಸಬಹುದಿತ್ತು. ಮುಂದಿನ ಶನಿವಾರಗಳು ನೆನಪಾದವು. "ಆದರೆ ಅವಸರವೇನಿಲ್ಲ," ಎಂದು ಸೇರಿಸಿದರು.

ದಸರೆ ಮುಗಿದು ಕಚೇರಿ ತೆರೆದ ದಿನ ರಾಯರು ಡಬ್ಬಿಯನ್ನು ಕಬಾಡಿಗೆ ಕೊಡಲಿಲ್ಲ. ಅಂಥ ಪ್ರಭಾವಳಿಯನ್ನು ಯಾರು ಕಬಾಡಿಗೆ ಕೊಡುತ್ತಾರೆ? ಬಂದವರೇ ಊದುಬತ್ತಿ ಹಚ್ಚಿ, ಸ್ವಿಚ್ ಹಾಕಿ, ಹಸಿರು ದೀಪ ಬೆಳಗಿಸಿದರು. ಸಂಜೆ ಹೊರಡುವಾಗ ಆರಿಸಿದರು; ಖಾಲಿ ಕೋಣೆಯಲ್ಲಿ ದೀಪ ಬಿಟ್ಟು ಹೋಗಬಾರದು, ಸರ್ಕಾರದ ಕರೆಂಟು ಬೇರೆ. ಅದೇ ದಿನಚರಿಯಾಯಿತು.

ಅವತ್ತೇ ಕಟ್ಟಡದಲ್ಲಿ ಗಲಾಟೆ ಶುರು. ಕೆಲವು ಕಂಪ್ಯೂಟರುಗಳು ಸರಿಯಾಗಿದ್ದವು, ಕೆಲವು ಎಲ್ಲಿಗೂ ಹೋಗವು. ಮೇಲ್ ಇಲ್ಲ, ಫೈಲ್ ಇಲ್ಲ; ಹಾಜರಿ ಯಂತ್ರ ಬೆರಳನ್ನು ಒತ್ತಿಸಿಕೊಂಡು ನಿಮ್ಮನ್ನು ಎಲ್ಲೂ ನೋಡಿಲ್ಲವೆಂಬಂತೆ ಸುಮ್ಮನಿತ್ತು. ನಿರ್ದೇಶಕಿ ಅಮಿತಾ ಮೇಡಂ ಚಂದ್ರಮೋಹನನನ್ನು ಕರೆಸಿದರು. ರಾಯರೂ ಯಾವುದೋ ಸಹಿಗೆಂದು ಅಲ್ಲೇ ನಿಂತಿದ್ದರು.

"ಮೇಡಂ, ಬೆಳಿಗ್ಗೆ ಎದ್ದ ಕೂಡಲೇ ಪ್ರತಿ ಕಂಪ್ಯೂಟರೂ ‘ನನ್ನ ವಿಳಾಸ ಯಾವುದು’ ಅಂತ ಕೂಗುತ್ತೆ," ಎಂದ ಚಂದ್ರಮೋಹನ. "ಕೆಳಗಿರೋ ನಮ್ಮ ಸರ್ವರ್ ‘ಇಷ್ಟು ಹೊತ್ತು ಈ ನಂಬರ್ ನಿನ್ನದು’ ಅಂತ ಒಂದು ಐಪಿ ಅಡ್ರೆಸ್ ಕೊಡುತ್ತೆ. ಈಗ ಬರ್ತಿರೋ ನಂಬರ್ ನಮ್ಮದಲ್ಲ. ಯಾರೋ ನಮ್ಮ ಸರ್ವರಿಗಿಂತ ಮುಂಚೆ ಬಾಯಿ ಹಾಕಿ ಉತ್ತರ ಕೊಡ್ತಿದ್ದಾರೆ."

"ಅರ್ಥವಾಗೋ ಹಾಗೆ ಹೇಳಿ."

"ಕ್ವಾರ್ಟರ್ಸ್ ಹಂಚೋ ಆಫೀಸಿಗೆ ಗೊತ್ತಿಲ್ಲದೆ ಬೇರೆ ಯಾವನೋ ಕ್ವಾರ್ಟರ್ಸ್ ಹಂಚ್ತಿದ್ದಾನೆ ಅಂದುಕೊಳ್ಳಿ. ಮನೆ ನಂಬರ್ ಕೊಡ್ತಾನೆ. ಅಲ್ಲಿಂದ ಆಚೆಗೆ ರಸ್ತೇನೇ ಇಲ್ಲ."

ದೊಡ್ಡ ಕ್ವಾರ್ಟರ್ಸಿಗಾಗಿ ಬಹುಕಾಲದಿಂದ ಕಾಯುತ್ತಿದ್ದ ಮೇಡಂ ಕುರ್ಚಿಯಲ್ಲಿ ನೆಟ್ಟಗಾದರು. "ಅಚ್ಛಾ. ಯಾವ ಕಾಲೊನಿಯಲ್ಲಿ?"

ಬಾಗಿಲ ಆಚೆ ನಿಂತಿದ್ದ ಪ್ಯೂನ್ ಕೇಳಿಸಿಕೊಂಡದ್ದು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ, ನೆಲಮಾಳಿಗೆಯ ಮದ್ರಾಸಿ ಸಾಹೇಬರಿಗೆ ಯಾರೋ ಗೊತ್ತಂತೆ, ಸರದಿಯಿಲ್ಲದೆ ಕ್ವಾರ್ಟರ್ಸ್ ಕೊಡಿಸುತ್ತಾರಂತೆ ಎಂದು ಸುದ್ದಿ ಹಬ್ಬಿತು. ಸಂಜೆ ಚಂದ್ರಮೋಹನನ ಬಾಗಿಲಿನಲ್ಲಿ ಸಾಲು. ಅಕೌಂಟ್ಸಿನ ಒಬ್ಬಾಕೆ ಮೆಟ್ರೋ ಹತ್ತಿರ ಇದ್ದರೆ ಸಾಕೆಂದರು. "ರಸ್ತೆ ಇಲ್ಲದಿದ್ದರೂ ಪರವಾಗಿಲ್ಲ ಸರ್, ಈಗಿರೋ ಕಡೆ ನೀರೇ ಇಲ್ಲ," ಎಂದ ಡ್ರೈವರ್ ಕೊನೆಗೂ ಕದಲಲಿಲ್ಲ.

ಚಂದ್ರಮೋಹನನ ಬದಲಿಗೆ ಬಂದಿದ್ದ ವಿಕ್ರಮ್ ಲಖನೌದವನು, ನಯವಾದ ಮಾತಿನವನು. ಅವನು ಚಾರ್ಜ್ ತೆಗೆದುಕೊಂಡರೆ ಮಾತ್ರ ಚಂದ್ರಮೋಹನನಿಗೆ ಬಿಡುಗಡೆ. ಗಲಾಟೆ ನೋಡಿ ವಿಕ್ರಮ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. "ಸರ್‌ಜೀ, ಜ್ವರ ಬಂದಿರೋ ಕೂಸನ್ನ ನನ್ನ ಮಡಿಲಿಗೆ ಹಾಕಬೇಡಿ. ಜ್ವರ ಇಳೀಲಿ, ಎತ್ತಿಕೊಂಡು ಆಡಿಸ್ತೀನಿ."

"ಸರಿಯಾಗಿ ಹೇಳಿದರು," ಎಂದರು ಮೇಡಂ. "ರೋಗ ಏನು ಅಂತ ಗೊತ್ತಾಗೋವರೆಗೆ ಚಂದ್ರಮೋಹನ್ ಇಲ್ಲೇ ಇರಲಿ. ಏನು ಅವಸರ?"

ಆ ಮಾತು ಕೇಳಿ ರಾಯರ ಕಿವಿ ಬಿಸಿಯಾಯಿತು. ದೇವಿಗೆ ತಾವು ಗುಟ್ಟಾಗಿ ಹೇಳಿದ್ದು ಮೇಡಂ ಬಾಯಲ್ಲಿ ಹೇಗೆ ಬಂತು?

ಚಂದ್ರಮೋಹನ ಹುಡುಕಿದ. ಹಳೆಯ ಕಟ್ಟಡ, ಯಾವ ತಂತಿ ಯಾವ ಗೋಡೆಯೊಳಗೆ ಹೊಕ್ಕು ಎಲ್ಲಿ ಏಳುತ್ತದೆಂದು ಹಾಕಿದವರಿಗೂ ಗೊತ್ತಿರಲಿಲ್ಲ. ಮಹಡಿ ಮಹಡಿಯ ಕೇಬಲ್ ಕಿತ್ತು ನೋಡುತ್ತೇನೆಂದರೆ, ಕೆಲಸದ ವೇಳೆಯಲ್ಲಿ ಕೂಡದು, ಆರು ಗಂಟೆಯ ಮೇಲೆ ಮಾಡಿ ಎಂದರು ಮೇಡಂ. ಆರು ಗಂಟೆಯ ಮೇಲೆ ಅವನು ಕೇಬಲ್ ಕಿತ್ತು ನೋಡಿದ. ರೋಗವೇ ಇಲ್ಲ. ಎಲ್ಲ ಕಂಪ್ಯೂಟರೂ ಒಳ್ಳೆಯ ಮಕ್ಕಳ ಹಾಗೆ ಸರಿಯಾದ ನಂಬರ್ ಹೇಳುತ್ತಿದ್ದವು. ಆ ಹೊತ್ತಿಗೆ ರಾಯರು ದೀಪ ಆರಿಸಿ, ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತು, ಗೆಳೆಯನಿಗಾಗಿ ಸ್ತೋತ್ರ ಹೇಳಿಕೊಳ್ಳುತ್ತಿರುತ್ತಿದ್ದರು.

ಒಂದು ಮಧ್ಯಾಹ್ನ ರಾಯರು ಪ್ರಸಾದ ಕೊಡಲು ನೆಲಮಾಳಿಗೆಗೆ ಇಳಿದಾಗ ಚಂದ್ರಮೋಹನ ಫೋನಿನಲ್ಲಿದ್ದ. ಅವನು ಫೋನನ್ನು ರಾಯರ ಕೈಗೆ ಕೊಟ್ಟ.

"ರಾಯರೇ, ದೀಪಾವಳಿ ಹತ್ತಿರ ಬಂತು," ಎಂದಳು ಸಂಯುಕ್ತಾ ಆ ಕಡೆಯಿಂದ. "ಗಗನಾ ಸ್ಕೂಲಲ್ಲೆಲ್ಲ ಹೇಳಿಬಿಟ್ಟಿದ್ದಾಳೆ, ಅಪ್ಪ ಬರ್ತಾರೆ ಅಂತ. ನಿಮ್ಮ ದೇವಿಗೆ ನನ್ನ ಹೆಸರಲ್ಲೂ ಒಂದು ಹೂವು ಹಾಕ್ತೀರಾ?"

ರಾಯರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹೂವೇನಮ್ಮಾ, ನಾಳೆಯಿಂದ ಪೂಜೆಯನ್ನೇ ಹೆಚ್ಚು ಮಾಡ್ತೀನಿ," ಎಂದರು.

ಮಾಡಿದರು ಕೂಡ. ಕಸ ಗುಡಿಸುವವರಿಗಿಂತ ಮುಂಚೆ ಬಂದು ದೀಪ ಹಚ್ಚಿದರು. ಅದುವರೆಗೆ ಬೇಗ ಬಂದು ಕಂಪ್ಯೂಟರ್ ಹಾಕಿ ಸರಿಯಾದ ನಂಬರ್ ಹಿಡಿದು ಬಚಾವಾಗುತ್ತಿದ್ದ ನಾಲ್ಕಾರು ಮಂದಿಯೂ ಮುಳುಗಿದರು.

ನಡುವೆ ಒಂದು ಏಕಾದಶಿ ಬಂತು. ರಾಯರು ರಜೆ ಹಾಕಿದರು. ಅವತ್ತು ಬೆಳಗಿನಿಂದ ಸಂಜೆಯವರೆಗೆ ನೆಟ್‌ವರ್ಕ್ ಗಂಗೆಯ ಹಾಗೆ ಹರಿಯಿತು. ವಿಕ್ರಮ್ ಪೆನ್ನು ಹೊರಗೆ ತೆಗೆದ. "ಇನ್ನೊಂದೇ ದಿನ ಹೀಗೇ ಇದ್ದರೆ ನಾಳೆ ಸಂಜೆ ಸಹಿ, ಸರ್‌ಜೀ," ಎಂದ. ಚಂದ್ರಮೋಹನ ಪೆಟ್ಟಿಗೆಗೆ ಬಟ್ಟೆ ತುಂಬಿದ. ಮರುದಿನ ದ್ವಾದಶಿ. ರಾಯರು ಪಾರಣೆ ಮುಗಿಸಿ, ಹೆಚ್ಚಿನ ಉತ್ಸಾಹದಿಂದ ಬಂದು ದೀಪ ಹಚ್ಚಿದರು. ವಿಕ್ರಮನ ಪೆನ್ನು ಜೇಬು ಸೇರಿತು.

"ನೋಡಿದೆಯಾ?" ಎಂದರು ರಾಯರು, ಪೆಚ್ಚಾಗಿ ಕೂತಿದ್ದ ಚಂದ್ರಮೋಹನನಿಗೆ. "ನಿನ್ನೆ ನಾನು ಬರಲಿಲ್ಲ, ದೀಪ ತಪ್ಪಿತು. ಅದರ ಫಲ ಇವತ್ತು ಕಾಣಿಸ್ತು. ಇನ್ನು ನಿನ್ನ ಕೆಲಸ ಆಗೋವರೆಗೆ ನಾನು ರಜೆ ಅಂತ ಕೇಳೋದಿಲ್ಲ."

ಚಂದ್ರಮೋಹನ ಅವರ ಕೈ ಹಿಡಿದುಕೊಂಡ. "ಈ ಊರಲ್ಲಿ ನನಗೆ ಅಂತ ಇರೋರು ನೀವೊಬ್ಬರೇ, ರಾಯರೇ."

ಕೊನೆಗೆ ಅವತ್ತೇ ಭದ್ರತಾ ಅಧಿಕಾರಿ ಚೌಧರಿ ಸಾಹೇಬರು ತನಿಖೆಗೆ ಇಳಿದರು. ಹರಿಯಾಣದವರು, ಬಾಗಿಲ ತುಂಬ ಬರುವ ಆಳು. ಹೊರಗಿನವರ ಕೈವಾಡ ಎಂಬುದು ಅವರ ತೀರ್ಮಾನ. ಹೊರಗೆ ಎಂದರೆ ಗಡಿಯಿಂದ ಹೊರಗೆ ಎಂದು ಕ್ಯಾಂಟೀನು ಅರ್ಥ ಮಾಡಿಕೊಂಡಿತು. ಡ್ರಾಯರುಗಳನ್ನು ತೆಗೆಸಿದರು. ಟಿಫಿನ್ ಡಬ್ಬಿಗಳ ಮುಚ್ಚಳ ಎತ್ತಿ ಆಲೂ ಪರಾಠದ ಅಡಿಯಲ್ಲೂ ಇಣುಕಿದರು. ರಾಯರ ಸೆಕ್ಷನ್ನಿಗೂ ಬಂದರು. ಕುರ್ಚಿ ಮಗುಚಿದರು, ಕಸದ ಬುಟ್ಟಿ ಸುರಿದರು, ಬೀರು ತೆಗೆಸಿ ಹಳೇ ಫೈಲುಗಳ ಧೂಳಿಗೆ ಸೀನಿದರು. ತಲೆಯೆತ್ತಿದಾಗ ಬೀರುವಿನ ಮೇಲೆ ದೇವಿ ಕಂಡಳು. ಸಾಹೇಬರು ಬೂಟು ಬಿಚ್ಚಿದರು. ಕೈಮುಗಿದು ನಿಂತರು.

"ಪಂಡಿತ್‌ಜೀ, ಮಾತಾಜಿಯ ತೇಜಸ್ಸು ನೋಡಿ. ಹಸಿರಾಗಿ ಮಿನುಗ್ತಿದೆ."

"ನೀವು ಶ್ರದ್ಧೆಯಿಂದ ನೋಡಿದ್ದಕ್ಕೆ ಕಂಡಿತು," ಎಂದು ರಾಯರು ಪ್ರಸಾದ ಕೊಟ್ಟರು.

ಈ ಸೆಕ್ಷನ್ ಪವಿತ್ರವಾಗಿದೆ, ಇಲ್ಲಿ ಏನೂ ಇಲ್ಲವೆಂದು ಸಾಹೇಬರು ವರದಿ ಕೊಟ್ಟರು.

ಮರುದಿನ ಧನತ್ರಯೋದಶಿ. ಕಚೇರಿಯ ಕಾರಿಡಾರಿನ ತುಂಬ ಸೋನ್ ಪಾಪ್ಡಿಯ ಡಬ್ಬಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಹೊರಗೆ ಹೊಗೆ ಕವಿದು ಸೂರ್ಯ ತಾಮ್ರದ ತಟ್ಟೆಯಂತೆ ಕಾಣುತ್ತಿದ್ದ. ಅವತ್ತು ಮಧ್ಯಾಹ್ನ, ಈ ಗಲಾಟೆ ಶುರುವಾದ ಮೇಲೆ ಹಗಲು ಹೊತ್ತಿನಲ್ಲಿ ಮೊದಲ ಸಲ, ಚಂದ್ರಮೋಹನ ತಾನಾಗಿ ಮೇಲೆ ಹತ್ತಿ ರಾಯರ ಸೆಕ್ಷನ್ನಿಗೆ ಬಂದ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು.

"ಮೈಸೂರಿಂದ ಫೋನ್ ಬಂದಿತ್ತು ರಾಯರೇ. ಇವತ್ತಿನವರೆಗೂ ನಾನು ಹೊರಡೋ ಸುದ್ದಿ ಇಲ್ಲದ್ದಕ್ಕೆ ಆ ಜಾಗ ಬೇರೆಯವರಿಗೆ ಕೊಟ್ಟರಂತೆ. ಅವರು ಹುಬ್ಬಳ್ಳಿಯಿಂದ ಹೊರಟೂ ಆಗಿದೆ."

"ಬೇರೆಯವರಿಗೆ?"

"ಹೌದು. ಸಂಯುಕ್ತಾಗೆ ಇನ್ನೂ ಹೇಳಿಲ್ಲ. ನಿಮ್ಮ ದೇವಿಗೆ ಒಂದು ನಮಸ್ಕಾರ ಹಾಕಿ, ಆಮೇಲೆ ಫೋನ್ ಮಾಡೋಣ ಅಂತ ಬಂದೆ."

ಅವನು ಪಟದ ಮುಂದೆ ನಿಂತು ಜೇಬಿನಿಂದ ಫೋನ್ ತೆಗೆದ. ಹೆಂಡತಿಯ ಹೆಸರನ್ನು ಒತ್ತಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ.

"ರಾಯರೇ, ಇದು ನಿಮ್ಮ ಮನೆ ವೈಫೈ."

"ಮನೆ ಅಲ್ಲಿದೆಯಲ್ಲಯ್ಯಾ."

"‘ಲೀಲಾ ನಿವಾಸ’ ಅಂತ ತೋರಿಸ್ತಿದೆ. ನಾನೇ ಇಟ್ಟ ಹೆಸರು ಇದು. ಶನಿವಾರ ಶನಿವಾರ ನಿಮ್ಮ ಮನೆಗೆ ಬಂದಾಗ ತಾನಾಗಿ ಹಿಡ್ಕೊಳ್ತಿತ್ತು, ಈಗಲೂ ಹಿಡ್ಕೊಂಡಿದೆ. ಆ ಹಳೇ ಡಬ್ಬಿ ಎಲ್ಲಿದೆ?"

ರಾಯರು ಹೆಮ್ಮೆಯಿಂದಲೇ ದೇವಿಯ ಕಡೆ ತೋರಿಸಿದರು. "ಅಲ್ಲೇ ಇದೆ. ದೀಪವಾಗಿ ಇಟ್ಟಿದ್ದೀನಿ. ನಿನಗೋಸ್ಕರವೇ."

ಚಂದ್ರಮೋಹನ ಚಪ್ಪಲಿ ಬಿಟ್ಟು, ಸ್ಟೂಲು ಹತ್ತಿ, ದೇವಿಗೆ ಕೈಮುಗಿದು, ಪಟವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ. ಒಣಗಿದ ಚೆಂಡುಹೂವಿನ ನಡುವೆ ಡಬ್ಬಿ ಮಿನುಗುತ್ತಿತ್ತು. ಬೆರಳಿನಿಂದ ಕುಂಕುಮ ಒರೆಸಿದ. ಕೆಂಪು ದೀಪ ಹಾಗೇ ಉರಿಯುತ್ತಿತ್ತು. ನೀಲಿ ಕೇಬಲ್ ಹಿಡಿದು ಎಳೆದ.

"ಹಾಗೆ ದೀಪ ಆರಿಸಬಾರದು ಕಣಯ್ಯಾ," ಎಂದರು ರಾಯರು.

"ಕ್ವಾರ್ಟರ್ಸ್ ಹಂಚ್ತಿದ್ದೋನು ಇವನೇ, ರಾಯರೇ." ಚಂದ್ರಮೋಹನ ಸ್ಟೂಲಿನ ಮೇಲೇ ಕೂತುಬಿಟ್ಟ. "ಮನೆಯಲ್ಲಿ ನಿಮ್ಮ ಫೋನಿಗೆ, ಲೀಲಮ್ಮನವರ ಫೋನಿಗೆ ನಂಬರ್ ಕೊಡ್ತಿದ್ದ. ಅದೇ ಇವನ ಕೆಲಸ. ಇಲ್ಲಿಗೆ ತಂದು ಕೇಬಲ್ ಹಾಕಿದಿರಿ, ಇಲ್ಲೂ ಅದೇ ಕೆಲಸ ಮಾಡಿದ. ಪಾಪ, ನಿಯತ್ತಿನ ಡಬ್ಬಿ."

ರಾಯರಿಗೆ ಅರ್ಥವಾಗಲು ಒಂದು ಪದ್ಯ ಓದಿ ಮುಗಿಸುವಷ್ಟು ಹೊತ್ತು ಹಿಡಿಯಿತು. ಬೇಗ ಬಂದದ್ದು, ಏಕಾದಶಿಯ ರಜೆ, ಆರು ಗಂಟೆಗೆ ಆರಿಸಿದ್ದು, ಒಂದೊಂದಾಗಿ ಬಂದು ಎದುರಿಗೆ ನಿಂತವು. ಅವರು ಎದ್ದು ನೇರವಾಗಿ ಮೇಡಂ ಕೋಣೆಗೆ ಹೋದರು.

"ಮೇಡಂ, ನೆಟ್‌ವರ್ಕ್ ಕೆಡಿಸಿದ್ದು ನಾನು. ದೇವಿಯ ಪಟದ ಹಿಂದೆ ಡಬ್ಬಿ ಇಟ್ಟು ಪೂಜೆ ಮಾಡ್ತಿದ್ದೆ. ಹಾಗಂತ ಬರೆದುಕೊಳ್ಳಿ. ಚಂದ್ರಮೋಹನನ ವರ್ಗ ಉಳಿಸಿಕೊಡಿ."

ಮೇಡಂ ಎದ್ದು ಬಾಗಿಲು ಹಾಕಿ ಬಂದರು. "ಪಂಡಿತ್‌ಜೀ, ಪೂಜೆಯಿಂದ ನೆಟ್‌ವರ್ಕ್ ಕೆಟ್ಟಿತು ಅಂತ ನಾನು ಬರೆಯಲಾ? ನಾಳೆ ಮೇಲಿನವರು ಕೇಳ್ತಾರೆ, ಪೂಜೆಗೆ ಅನುಮತಿ ಕೊಟ್ಟವರು ಯಾರು ಅಂತ. ನಾನೇ ಆರತಿ ತಗೊಂಡಿದ್ದೀನಿ. ಚೌಧರಿ ಸಾಹೇಬರು ಬೂಟು ಬಿಚ್ಚಿ ನಿಂತಿದ್ದಾರೆ."

"ಹಾಗಾದರೆ?"

"ಕೇಬಲ್ ಅಂತ ಬರೀತೀವಿ. ಹಳೇ ಕೇಬಲ್. ಯಾರ ಮನಸ್ಸಿಗೂ ನೋವಾಗೋದಿಲ್ಲ. ವರ್ಗದ ವಿಷಯ ಮುಂದಿನ ವರ್ಷ ನೋಡೋಣ. ಸೋನ್ ಪಾಪ್ಡಿ ತಗೊಳ್ಳಿ."

ಮರುದಿನ ಬೆಳಿಗ್ಗೆ ವಿಕ್ರಮ್ ಖುಷಿಯಿಂದ ಚಾರ್ಜ್ ತೆಗೆದುಕೊಳ್ಳಲು ಬಂದ. ಬಿಟ್ಟು ಹೋಗುವವನಿಗೆ ಹೋಗಲು ಜಾಗವಿಲ್ಲದ್ದರಿಂದ ವಿಕ್ರಮನನ್ನೇ ದೆಹಲಿಯಾಚೆಯ ಮಾನೇಸರಿನ ಶಾಖೆಗೆ ಕಳಿಸಿದರು.

ದೀಪಾವಳಿ ಮುಗಿದ ಶನಿವಾರ ಚಂದ್ರಮೋಹನ ಬರುವುದಿಲ್ಲವೆಂದೇ ರಾಯರು ತಿಳಿದಿದ್ದರು. ಆದರೂ ಚಾಪೆ ಹಾಕಿ, ವ್ಯಾಸಪೀಠ ಒರೆಸಿ ಇಟ್ಟಿದ್ದರು. ಎಂದಿನ ಹೊತ್ತಿಗೆ ಅವನು ಬಂದ. ಲೀಲಮ್ಮ ಕಾಫಿ ಕೊಟ್ಟು, "ಸಂಯುಕ್ತಾ ಹೇಗಿದ್ದಾಳಪ್ಪಾ?" ಎಂದು ಕೇಳಿದರು.

"ಚಪ್ಪಲಿ ಸ್ಟ್ಯಾಂಡಲ್ಲಿ ಈಗ ಗಗನಾ ಪುಸ್ತಕ ಇಟ್ಟಿದ್ದಾಳಂತೆ," ಎಂದ ಚಂದ್ರಮೋಹನ. "ದೊಡ್ಡ ಮನೆ ಬಿಡ್ತಾರಂತೆ. ಇಬ್ಬರಿಗೆ ಅಷ್ಟು ಯಾಕೆ ಅಂತ."

ಲೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದರು. ಚಂದ್ರಮೋಹನ ಪುಸ್ತಕ ತೆರೆದ. ರಾಯರ ಮುಖ ನೋಡಿ, "ಬಿಡಿ ರಾಯರೇ. ನೀವೇನು ಬೇಕು ಅಂತ ಮಾಡಿದ್ದಲ್ಲವಲ್ಲ," ಎಂದ.

ಅಷ್ಟು ಹೊತ್ತು ತಡೆದಿದ್ದ ರಾಯರಿಗೆ ಆ ಮಾತನ್ನು ತಡೆಯಲಾಗಲಿಲ್ಲ.

"ಕೇಳಿಕೊಂಡಿದ್ದೆ ಕಣಯ್ಯಾ."

"ಏನು?"

"ಆಯುಧಪೂಜೆ ದಿನ. ನಿನಗೆ ಒಳ್ಳೆಯದು ಮಾಡು ಅಂತ ಕೇಳಿಕೊಂಡೆ. ಆದರೆ ಅವಸರವೇನಿಲ್ಲ ಅಂದೆ. ಶನಿವಾರ ಯಾರು ಓದ್ತಾರೆ ಅಂತ ಅನಿಸಿಬಿಡ್ತು."

ಆಚೆ ಮಾರ್ಕೆಟ್ಟಿನ ಭಯ್ಯಾಗಳು ಹಬ್ಬದಲ್ಲಿ ಉಳಿದ ಮಾಲನ್ನು ಅರ್ಧ ಬೆಲೆಗೆ ಕೂಗುತ್ತಿದ್ದರು. ಚಂದ್ರಮೋಹನ ಪುಸ್ತಕದ ಮೇಲೆ ಕೈ ಇಟ್ಟ. ಎದ್ದು ಹೋಗುತ್ತಾನೆಂದು ರಾಯರು ಕಾದರು. ಹೋದರೆ ಬೇಡವೆನ್ನುವ ಬಾಯಿ ತಮಗಿಲ್ಲವೆಂಬುದು ಅವರಿಗೆ ಗೊತ್ತಿತ್ತು.

"ಅಷ್ಟು ಕೈ ಹಿಡಿಯೋ ದೇವಿ ಹತ್ತಿರ," ಎಂದ ಕೊನೆಗೆ, "ಪ್ರಮೋಷನ್ನೋ ಪೆನ್ಷನ್ನೋ ಕೇಳಬಾರದಿತ್ತೇ, ರಾಯರೇ." ನಗಲಿಲ್ಲ. ಪುಟ ತಿರುವಿದ. "ಓದ್ತೀನಿ. ಇವತ್ತು ಮಾತ್ರ ನೀವು ಹ್ಞೂಂ ಅನ್ನಬೇಡಿ. ಸುಮ್ಮನೆ ಕೇಳಿ."

ಓದಿದ. ಎಂದಿಗಿಂತ ಚೆನ್ನಾಗಿ ಓದಿದ, ಅದೇ ಕಷ್ಟವಾಯಿತು. ಪದ್ಯ ಮೇಲೇರಿ, ಸುತ್ತಿ, ಇಳಿದು, ಕೊನೆಯ ಸಾಲಿಗೆ ಬಂದು ನಿಂತಿತು. ಹೊಕ್ಕುಳಿನಿಂದ ಎದ್ದ ಹ್ಞೂಂ ರಾಯರ ಗಂಟಲವರೆಗೆ ಬಂತು. ತುಟಿ ಬಿಗಿಹಿಡಿದು ನುಂಗಿದರು. ಕಣ್ಣಿನಲ್ಲಿ ನೀರು ಬಂತು. ಚಂದ್ರಮೋಹನ ಅಭ್ಯಾಸಬಲದಿಂದ ಕಾಯುತ್ತಿದ್ದ. ಬೇಡವೆಂದವನು ತಾನೇ ಆದ್ದರಿಂದ ಕೇಳುವಂತಿರಲಿಲ್ಲ; ಅದು ಬೀಳದೆ ಮುಂದಕ್ಕೆ ಹೋಗಲು ಅವನಿಗೂ ಬರುತ್ತಿರಲಿಲ್ಲ. ಇಬ್ಬರೂ ಹಾಗೆಯೇ ಕೂತರು.

ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಸದ್ದು ನಿಂತಿತು. ಒಳಗಿನಿಂದ, ಕೂತಲ್ಲಿಂದಲೇ, ಲೀಲಮ್ಮ ಹೇಳಿದರು:

"ಹ್ಞೂಂ."

ಚಂದ್ರಮೋಹನ ಮುಂದಿನ ಪದ್ಯ ಎತ್ತಿಕೊಂಡ.